ಬಿಸಿಲೊಂದೇ ಸಾಲದು, ಕಲಕದ ಗಾಳಿಯೂ ಬೇಕು

ಪ್ರಶ್ನೆ: ಸೂರ್ಯನನ್ನು ನೋಡುವ ದೊಡ್ಡ ಟೆಲಿಸ್ಕೋಪನ್ನು ವರ್ಷವಿಡೀ ಬಿಸಿಲಿರುವ ಮರುಭೂಮಿಯಲ್ಲಿ ಕಟ್ಟಿದರೆ ಸಾಕಲ್ವಾ? ಸರೋವರದ ನಡುವೆ, ಸಮುದ್ರದ ಮಧ್ಯದ ದ್ವೀಪಗಳಲ್ಲಿ ಯಾಕೆ ಕಟ್ಟುತ್ತಾರೆ? ರಾತ್ರಿ ಆಕಾಶ ನೋಡಲು ಒಳ್ಳೆಯದು ಅಂತ ಈಗಾಗಲೇ ಗೊತ್ತಿರುವ ಬೆಟ್ಟದ ಮೇಲೆಯೇ ಇದನ್ನೂ ಇಡಬಹುದಲ್ಲ? ಇಷ್ಟೆಲ್ಲ ಕಷ್ಟಪಡುವ ಬದಲು ಉಪಗ್ರಹದಲ್ಲೇ ಕಳಿಸಿಬಿಟ್ಟರೆ?

ಉತ್ತರ: ಮರುಭೂಮಿಯಲ್ಲಿ ಬಿಸಿಲು ಜಾಸ್ತಿ ಅನ್ನುವುದು ನಿಜ. ತೊಂದರೆ ಇರುವುದೂ ಅಲ್ಲೇ.

ಸೂರ್ಯನ ಬೆಳಕು ಗಾಳಿಯನ್ನು ನೇರವಾಗಿ ಬಿಸಿ ಮಾಡುವುದು ಬಹಳ ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಆ ಬಿಸಿ ಗಾಳಿ ಹಗುರಾಗಿ ಉಂಡೆಉಂಡೆಯಾಗಿ ಮೇಲೇಳುತ್ತದೆ, ತಣ್ಣನೆಯ ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನ ಟಾರ್ ರಸ್ತೆಯ ಮೇಲೆ ಕಾಣುವ ಬಿಸಿಲ್ಗುದುರೆ, ಎದುರಿನ ಲಾರಿ ನಡುಗಿದಂತೆ ಕಾಣುವುದು, ಎಲ್ಲಾ ಇದರ ಆಟವೇ. ಮರುಭೂಮಿಯ ಮರಳಿನ ಮೇಲೆ ನಿಂತ ಟೆಲಿಸ್ಕೋಪ್ ಬೆಳಗಿನಿಂದ ಸಂಜೆಯವರೆಗೆ ಈ ಝಳದ ಮೂಲಕವೇ ಸೂರ್ಯನನ್ನು ನೋಡಬೇಕು.

ಎಷ್ಟು ಝಳ ಇದ್ದರೆ ಕೆಡುಕು ಅಂತ ಕೇಳಬಹುದು. ಒಂದು ಲೆಕ್ಕ ನೋಡಿ. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ಅದು ಬೆಳಕನ್ನು ಬಾಗಿಸುವ ಗುಣ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಆ 1 ಡಿಗ್ರಿ ವ್ಯತ್ಯಾಸ 10 ಮೀಟರ್ ಉದ್ದದ ದಾರಿಯಲ್ಲಿ ಇದ್ದರೆ ಬೆಳಕಿನ ಅಲೆ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹಿಂದುಮುಂದಾಗುತ್ತದೆ. ಹಸಿರು ಬೆಳಕಿನ ಒಂದು ಅಲೆಯ ಉದ್ದವೇ ಅರ್ಧ ಮೈಕ್ರಾನ್. ಅಂದರೆ 20 ಅಲೆಗಳಷ್ಟು ಏರುಪೇರು. ಟೆಲಿಸ್ಕೋಪಿನ ಕನ್ನಡಿಯನ್ನು ಒಂದು ಅಲೆಯ ಸಣ್ಣ ಭಾಗದಷ್ಟೂ ತಪ್ಪದಂತೆ ತಿಂಗಳುಗಟ್ಟಲೆ ಉಜ್ಜಿ ನಯ ಮಾಡಿರುತ್ತಾರೆ. ಅದರ ಮುಂದೆ ಹತ್ತು ಮೀಟರ್ ಕಲಕಿದ ಗಾಳಿ ಬಂದು ನಿಂತರೆ ಆ ಶ್ರಮವೆಲ್ಲ ವ್ಯರ್ಥ.

ಹಾಗಾಗಿ ಜಾಗ ಹುಡುಕುವವರು ಮೊದಲು ಹುಡುಕುವುದು ಗಾಳಿಯನ್ನು. ಬಿಸಿಲು ಬೇಕೇ ಬೇಕು, ಮೋಡ ಕಡಿಮೆ ಇರಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಮೋಡದ ಲೆಕ್ಕ ಸುಲಭ, ಉಪಗ್ರಹ ಚಿತ್ರಗಳಿಂದಲೇ ಸಿಕ್ಕಿಬಿಡುತ್ತದೆ. ನೆಲದಿಂದ ಮೊದಲ ಐವತ್ತು ಮೀಟರ್ ಎತ್ತರದೊಳಗೆ ಗಾಳಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಅಲ್ಲೇ ಹೋಗಿ, ವರ್ಷಗಟ್ಟಲೆ ಕೂತು ಅಳೆಯಬೇಕು. ಬೇರೆ ದಾರಿಯಿಲ್ಲ.

ಗಾಳಿಯ ಕಲಕಿನಿಂದ ಚಿತ್ರ ಎಷ್ಟು ಕೆಡುತ್ತದೆ ಅನ್ನುವುದನ್ನು ಖಗೋಳ ವಿಜ್ಞಾನಿಗಳು ಸೀಯಿಂಗ್ ಅನ್ನುತ್ತಾರೆ. ಅದನ್ನು ಸೆಂಟಿಮೀಟರಿನಲ್ಲಿ ಅಳೆಯುವ ಒಂದು ಅಂಕಿ ಇದೆ, ಫ್ರೀಡ್ ಪ್ಯಾರಾಮೀಟರ್ ಅಂತ. ಅದು ದೊಡ್ಡದಾದಷ್ಟೂ ಗಾಳಿ ಶಾಂತ ಅಂತ ಅರ್ಥ. ಅದು 10 ಸೆಂ.ಮೀ. ಇದ್ದರೆ, ನಿಮ್ಮ ಟೆಲಿಸ್ಕೋಪ್ 4 ಮೀಟರ್ ಅಗಲ ಇದ್ದರೂ ಅದು ತೋರಿಸುವ ವಿವರ ಬರೀ 10 ಸೆಂ.ಮೀ. ಟೆಲಿಸ್ಕೋಪಿನಷ್ಟೇ, ಗಾಳಿಯ ತಪ್ಪನ್ನು ತಿದ್ದದಿದ್ದರೆ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿ.ಮೀ. ದೂರ. ಅಷ್ಟು ದೂರದಲ್ಲಿ 10 ಸೆಂ.ಮೀ. ಟೆಲಿಸ್ಕೋಪಿಗೆ ಸುಮಾರು 750 ಕಿ.ಮೀ.ಗಿಂತ ಸಣ್ಣದು ಬಿಡಿಯಾಗಿ ಕಾಣುವುದಿಲ್ಲ. 4 ಮೀಟರಿನದ್ದಕ್ಕೆ 20 ಕಿ.ಮೀ. ಹತ್ತಿರದ ವಿವರವೂ ಕಾಣಬೇಕು. ಸೂರ್ಯನ ಮೇಲ್ಮೈಯ ಕಾಂತಕ್ಷೇತ್ರದ ಸಣ್ಣ ಸಣ್ಣ ಎಳೆಗಳು ಇರುವುದು ಈ ಅಳತೆಯಲ್ಲೇ. ಅವನ್ನು ನೋಡಲೆಂದೇ ತಾನೇ ಇಷ್ಟು ದೊಡ್ಡದು ಕಟ್ಟುವುದು?

ರಾತ್ರಿಯ ಬೆಟ್ಟ ಹಗಲಿಗೂ ಒಳ್ಳೆಯದಾಗಬೇಕಿಲ್ಲ ಅನ್ನುವುದಕ್ಕೂ ಇದೇ ಕಾರಣ. ರಾತ್ರಿ ನೆಲ ತಣ್ಣಗಾಗಿ ಅದರ ಮೇಲಿನ ಗಾಳಿ ಸದ್ದಿಲ್ಲದೆ ಮಲಗುತ್ತದೆ. ಬೆಳಗಾದ ಎರಡು ಮೂರು ಗಂಟೆಗೆ ಅದೇ ಬೆಟ್ಟದ ಬಂಡೆಗಳು ಕಾದು, ಇಳಿಜಾರಿನ ಗಾಳಿ ಮೇಲಕ್ಕೆ ನುಗ್ಗತೊಡಗುತ್ತದೆ. ಚಿಲಿಯ ಒಣ ಬೆಟ್ಟಗಳಲ್ಲಿ ಜಗತ್ತಿನ ಅತಿ ದೊಡ್ಡ ರಾತ್ರಿ ಟೆಲಿಸ್ಕೋಪ್‌ಗಳ ಸಾಲೇ ಇದೆ. ದೊಡ್ಡ ಸೌರ ಟೆಲಿಸ್ಕೋಪ್ ಒಂದೂ ಅಲ್ಲಿಲ್ಲ.

ನೆಲದ ಝಳದಿಂದ ತಪ್ಪಿಸಿಕೊಳ್ಳಲು ಜನ ಮೊದಲು ಮಾಡಿದ್ದು ಮೇಲಕ್ಕೆ ಹೋಗುವ ಕೆಲಸ. ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಎಲರಿ ಹೇಲ್ ಮೊದಲು ಇಟ್ಟ ಸೌರ ಟೆಲಿಸ್ಕೋಪ್ ನೆಲಕ್ಕೆ ಅಡ್ಡಲಾಗಿ ಮಲಗಿಸಿದ್ದು. ಬೆಳಕು ನೆಲದ ಬಿಸಿ ಗಾಳಿಯಲ್ಲೇ ಹಾದು ಬರಬೇಕಿತ್ತು, ಚಿತ್ರ ಕೆಡುತ್ತಿತ್ತು. 1908ರಲ್ಲಿ ಅವರು 60 ಅಡಿ ಎತ್ತರದ ಗೋಪುರ ಕಟ್ಟಿಸಿದರು. ಅದೇ ವರ್ಷ ಆ ಗೋಪುರದಿಂದಲೇ ಸೂರ್ಯನ ಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಅಂತ ಕಂಡುಹಿಡಿದರು. 1912ರ ಹೊತ್ತಿಗೆ ಪಕ್ಕದಲ್ಲೇ 150 ಅಡಿಯ ಇನ್ನೊಂದು ಗೋಪುರ ಎದ್ದಿತ್ತು. ಹದಿನೆಂಟು ಮೀಟರ್ ಮೇಲೆ ಹೋಗಿದ್ದಕ್ಕೆ ಸಿಕ್ಕ ಲಾಭ ನೋಡಿ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಕಥೆ ಇದು.

ಎರಡನೆಯ ಉಪಾಯ ನೀರು. ಇದು ತುಂಬಾ ಚಂದದ ಉಪಾಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಸಿಲು ಮಣ್ಣಿನ ಮೇಲೆ ಬಿದ್ದರೆ ಮೇಲಿನ ತೆಳು ಪದರವಷ್ಟೇ ಕಾದು ಕೆಂಡದಂತಾಗುತ್ತದೆ. ನೀರಿನ ಮೇಲೆ ಬಿದ್ದರೆ ಬೆಳಕು ಆಳಕ್ಕೆ ಇಳಿಯುತ್ತದೆ, ಶಾಖ ಹಂಚಿಹೋಗುತ್ತದೆ. ನೀರು ಬಿಸಿಯಾಗಲು ಹೆಚ್ಚು ಶಾಖವೂ ಬೇಕು. ಮೇಲಿನಿಂದ ಆವಿಯಾಗಿ ತಾನೇ ತಣಿಯುತ್ತಾ ಇರುತ್ತದೆ. ಮಧ್ಯಾಹ್ನವೂ ನೀರಿನ ಮೇಲಿನ ಗಾಳಿಗೆ ಕುದಿಯಲು ಕಾರಣವಿಲ್ಲ. ಜೊತೆಗೆ ಮರ, ಬಂಡೆ, ಕಟ್ಟಡ ಯಾವುದೂ ಅಡ್ಡ ಇಲ್ಲದೆ ಗಾಳಿ ಒಂದೆರಡು ಕಿ.ಮೀ. ನೀರಿನ ಮೇಲೆ ಬೀಸಿ ಬಂದರೆ ಅದು ಹಾಳೆ ಹಾಳೆಯಾಗಿ ಸಮವಾಗಿ ಹರಿಯುತ್ತದೆ.

ಕ್ಯಾಲಿಫೋರ್ನಿಯದ ಬಿಗ್ ಬೇರ್ ಸರೋವರದಲ್ಲಿ 1969ರಲ್ಲಿ ಕಟ್ಟಿದ ವೀಕ್ಷಣಾಲಯ ಇದನ್ನು ತೋರಿಸಿಕೊಟ್ಟಿತು. ಸುಮಾರು 2,000 ಮೀಟರ್ ಎತ್ತರದ ಆ ಸರೋವರದೊಳಕ್ಕೆ ಚಾಚಿದ ದಾರಿಯ ತುದಿಯಲ್ಲಿ ಅದು ನಿಂತಿದೆ. ಈಗ ಅಲ್ಲಿರುವುದು 1.6 ಮೀಟರ್ ಟೆಲಿಸ್ಕೋಪ್. ಅದನ್ನು ನೋಡಿಯೇ ಉದಯಪುರದ ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಅರವಿಂದ ಭಟ್ನಾಗರ್ 1970ರ ದಶಕದಲ್ಲಿ ಸೌರ ವೀಕ್ಷಣಾಲಯ ಶುರು ಮಾಡಿದರು. ಸುತ್ತಲಿನ ನಾಡು ರಾಜಸ್ಥಾನ, ನೀವು ಹೇಳಿದ ಮರುಭೂಮಿಯ ಪಕ್ಕವೇ. ಮೋಡವಿಲ್ಲದ ಆಕಾಶ ಅಲ್ಲಿಂದ ಸಿಕ್ಕಿತು, ಶಾಂತ ಗಾಳಿ ಕೆರೆಯಿಂದ ಸಿಕ್ಕಿತು. ಚೀನಾದ ಫುಶಿಯಾನ್ ಸರೋವರದ ದಡದಲ್ಲೂ 1 ಮೀಟರ್ ಸೌರ ಟೆಲಿಸ್ಕೋಪ್ ಇದೆ. ಸರೋವರದ ಜಾಗಗಳ ದೊಡ್ಡ ಗುಣ ಅಂದರೆ ದಿನವಿಡೀ ಒಂದೇ ತರಹ ಇರುವುದು. ಬೆಟ್ಟದ ತುದಿಯಲ್ಲಿ ಬೆಳಗಾದ ಮೇಲೆ ಎರಡು ಗಂಟೆ ಕಾಲ ಅದ್ಭುತ, ಆಮೇಲೆ ಏನೂ ಇಲ್ಲ ಅನ್ನುವಂತಾಗುತ್ತದೆ. ಇಲ್ಲಿ ಹಾಗಲ್ಲ. ದೋಷವೂ ಇದೆ. ಬರ ಬಂದು ನೀರು ಹಿಂದೆ ಸರಿದರೆ ಟೆಲಿಸ್ಕೋಪಿನ ಕಾಲಬುಡದಲ್ಲೇ ಕಾದ ಕೆಸರು ಉಳಿಯುತ್ತದೆ.

ಮೂರನೆಯದು ಸಮುದ್ರದ ನಡುವಿನ ಕಡಿದಾದ ಬೆಟ್ಟ. ಯುರೋಪಿನವರು 1970ರ ದಶಕದಲ್ಲಿ ಮೆಡಿಟರೇನಿಯನ್ ಸುತ್ತಮುತ್ತ ಹುಡುಕುತ್ತಾ ಕೊನೆಗೆ ಕೆನರಿ ದ್ವೀಪಗಳಿಗೆ ಬಂದು ನಿಂತರು. ಅಲ್ಲಿ ಮೋಡಗಳು ಸಾಮಾನ್ಯವಾಗಿ ಬೆಟ್ಟದ ಅರ್ಧದಲ್ಲೇ ಹಾಸಿಕೊಂಡು ಬಿಡುತ್ತವೆ. ಅದಕ್ಕೆ ಕಾರಣ, ಒಂದೂವರೆ ಕಿ.ಮೀ. ಆಸುಪಾಸಿನ ಎತ್ತರದಲ್ಲಿ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುವುದು. ತೇವ, ಧೂಳು, ಕಲಕು ಎಲ್ಲಾ ಆ ಮುಚ್ಚಳದ ಕೆಳಗೆ. 2,400 ಮೀಟರ್ ಹತ್ತಿರ ಇರುವ ಟೆಲಿಸ್ಕೋಪ್‌ಗಳು ಅದರ ಮೇಲೆ. ಟೆನೆರಿಫೆಯಲ್ಲಿ 1.5 ಮೀಟರಿನ ಗ್ರೆಗೋರ್, ಲಾ ಪಾಲ್ಮಾದಲ್ಲಿ 1 ಮೀಟರಿನ ಸ್ವೀಡಿಷ್ ಟೆಲಿಸ್ಕೋಪ್ ಹೀಗೆ ಕೆಲಸ ಮಾಡುತ್ತಿವೆ. ಸಹಾರಾದ ಧೂಳು ಆಗಾಗ ಅಲ್ಲಿಗೂ ಹಾರಿ ಬರುತ್ತದೆ, ಆಗ ಕನ್ನಡಿ ಮುಚ್ಚಿಕೊಂಡು ಕೂರಬೇಕು.

ಇಲ್ಲಿಯವರೆಗೆ ಗಾಳಿಯ ಕಲಕಿನ ಮಾತಾಯಿತು. ಧೂಳಿನ ಮಾತು ಬಂದಿದ್ದರಿಂದ ಕರೋನಾ ಬಗ್ಗೆ ಹೇಳಲೇಬೇಕು. ಸೂರ್ಯನ ಸುತ್ತ ಇರುವ ಈ ತೆಳು ಪ್ರಭಾವಳಿಯ ಹೊಳಪು ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ನಮ್ಮ ಸುತ್ತಲಿನ ಸಾಧಾರಣ ನೀಲಿ ಆಕಾಶ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೆಳಗುತ್ತಿರುತ್ತದೆ. ಹಾಗಾಗಿ ಗ್ರಹಣ ಬಿಟ್ಟರೆ ಬೇರೆ ಹೊತ್ತಿನಲ್ಲಿ ಕರೋನಾ ಕಾಣುತ್ತಲೇ ಇರಲಿಲ್ಲ. 1930ರ ಸುಮಾರಿಗೆ ಫ್ರಾನ್ಸಿನ ಖಗೋಳ ವಿಜ್ಞಾನಿ ಬರ್ನಾರ್ ಲಿಯೋ ತಮ್ಮ ಕರೋನಾಗ್ರಾಫನ್ನು (ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾ ತೋರಿಸುವ ಟೆಲಿಸ್ಕೋಪ್) ಪಿರೆನೀಸ್ ಪರ್ವತಗಳ ಪಿಕ್ ದು ಮಿದಿ ಶಿಖರಕ್ಕೆ ಹೊತ್ತು ಹೋಗಿ ಅದನ್ನು ಸಾಧಿಸಿದರು. ಉಪಕರಣ ಎಷ್ಟು ಮುಖ್ಯವೋ 2,877 ಮೀಟರ್ ಎತ್ತರದ ಆ ಶುದ್ಧ ಗಾಳಿಯೂ ಅಷ್ಟೇ ಮುಖ್ಯವಾಗಿತ್ತು.

ಆಕಾಶ ಎಷ್ಟು ಶುದ್ಧ ಅಂತ ತಿಳಿಯಲು ಹಳೆಯ ಒಂದು ಪರೀಕ್ಷೆ ಇದೆ. ಕೈ ಚಾಚಿ ಹೆಬ್ಬೆರಳಿನಿಂದ ಸೂರ್ಯನನ್ನು ಪೂರ್ತಿ ಮರೆಮಾಡಿ ಬೆರಳಿನ ಅಂಚಿನ ಆಕಾಶ ನೋಡುವುದು. ಬೆರಳಿನ ಸುತ್ತ ಬಿಳಿಚಿಕೊಂಡಿದ್ದರೆ ಗಾಳಿಯಲ್ಲಿ ಧೂಳು, ಹೊಗೆ, ತೇವ ಇದೆ. ಬೆರಳಿನ ಅಂಚಿನವರೆಗೂ ಕಡುನೀಲಿ ಇದ್ದರೆ ಅದು ಕರೋನಾ ನೋಡಬಲ್ಲ ಆಕಾಶ. ಜಾಗ ನೋಡಲು ಹೋದ ಪರಿಣತರು ಇದನ್ನು ಮಾಡುತ್ತಾರೆ. ನೀವು ಇದನ್ನು ಮಾಡಲು ಹೋಗಬೇಡಿ. ಬೆರಳು ಸ್ವಲ್ಪ ಸರಿದರೂ ಕಣ್ಣಿಗೆ ಅಪಾಯ. ಕಟ್ಟಡದ ಮೂಲೆಯ ನೆರಳಿನಲ್ಲಿ ಪೂರ್ತಿ ಮರೆಯಾಗಿ ನಿಂತು ಆ ಕಡೆಯ ಆಕಾಶ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಎಲ್ಲವನ್ನೂ ಒಟ್ಟಿಗೆ ತೂಗಿದ ಒಂದು ಹುಡುಕಾಟ ನೋಡೋಣ. ಇವತ್ತಿನ ಅತಿ ದೊಡ್ಡ ಸೌರ ಟೆಲಿಸ್ಕೋಪ್, 4 ಮೀಟರಿನ ಡೇನಿಯಲ್ ಕೆ. ಇನೊಯೆ ಟೆಲಿಸ್ಕೋಪ್, ಹವಾಯಿಯ ಮೌಯಿ ದ್ವೀಪದ ಹಲೆಯಕಲಾ ಶಿಖರದ ಮೇಲೆ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಜಾಗ ಹುಡುಕುವಾಗ 72 ಹೆಸರುಗಳ ಪಟ್ಟಿಯಿಂದ ಶುರು ಮಾಡಿದರು. ಅದನ್ನು ಆರಕ್ಕೆ ಇಳಿಸಿದರು. ಬಿಗ್ ಬೇರ್ ಮತ್ತು ಪಾಂಗ್ವಿಚ್ ಎಂಬ ಎರಡು ಸರೋವರ, ಹಲೆಯಕಲಾ ಮತ್ತು ಲಾ ಪಾಲ್ಮಾ ಎಂಬ ಎರಡು ದ್ವೀಪದ ಬೆಟ್ಟ, ನ್ಯೂ ಮೆಕ್ಸಿಕೋದ ಸ್ಯಾಕ್ರಮೆಂಟೊ ಪೀಕ್, ಮೆಕ್ಸಿಕೋ ದೇಶದ ಸ್ಯಾನ್ ಪೆಡ್ರೊ ಮಾರ್ಟಿರ್. ಎಲ್ಲಾ ಕಡೆ ಒಂದೇ ತರಹದ ಉಪಕರಣ ನಿಲ್ಲಿಸಿದರು. ಇದು ಬಹಳ ಮುಖ್ಯ. ಒಂದು ಕಡೆ ಒಂದು ಉಪಕರಣ, ಇನ್ನೊಂದು ಕಡೆ ಮತ್ತೊಂದು ಅಂತಾದರೆ ಹೋಲಿಕೆ ಮಾಡುವಂತೆಯೇ ಇಲ್ಲ.

ಆ ಉಪಕರಣಗಳಲ್ಲಿ ಒಂದು ಸೂರ್ಯನ ಅಂಚನ್ನು ಎರಡು ಸಣ್ಣ ಕಿಂಡಿಗಳಿಂದ ನೋಡುತ್ತದೆ. ಎರಡು ಚಿತ್ರ ಒಂದಕ್ಕೊಂದು ಹೋಲಿಸಿದರೆ ಎಷ್ಟು ಅಲುಗುತ್ತವೆ ಅನ್ನುವುದರಿಂದ ಫ್ರೀಡ್ ಅಂಕಿ ಸಿಗುತ್ತದೆ. ಉಪಕರಣವೇ ಗಾಳಿಗೆ ನಡುಗಿದರೂ ಎರಡೂ ಒಟ್ಟಿಗೆ ಅಲುಗುವುದರಿಂದ ಲೆಕ್ಕ ಕೆಡುವುದಿಲ್ಲ. ಇನ್ನೊಂದು ಉಪಕರಣ ಒಂದು ಪಟ್ಟಿಯ ಮೇಲೆ ಸಾಲಾಗಿ ಇಟ್ಟ ಬೆಳಕಿನ ಸಂವೇದಕಗಳು. ಬಿಸಿಲು ಎಷ್ಟು ಮಿನುಗುತ್ತದೆ, ಒಂದು ಸಂವೇದಕದ ಮಿನುಗು ಪಕ್ಕದ್ದರ ಜೊತೆ ಎಷ್ಟು ಹೊಂದುತ್ತದೆ ಅನ್ನುವುದನ್ನು ನೋಡಿ ಯಾವ ಎತ್ತರದಲ್ಲಿ ಎಷ್ಟು ಕಲಕಿದೆ ಅಂತ ಬಿಡಿಸುತ್ತಾರೆ. ಇದು ಯಾಕೆ ಬೇಕು ಅಂದರೆ, ಪರೀಕ್ಷೆಯ ಉಪಕರಣ ಇರುವುದು ನೆಲದಿಂದ ಕೆಲವೇ ಮೀಟರ್ ಮೇಲೆ. ನಿಜವಾದ ಕನ್ನಡಿ ಇರುವುದು ಅದಕ್ಕಿಂತ ಎಷ್ಟೋ ಎತ್ತರದಲ್ಲಿ. ಆ ಎತ್ತರಕ್ಕೆ ಹೋದರೆ ಎಷ್ಟು ಸುಧಾರಿಸುತ್ತದೆ ಅಂತ ಕಟ್ಟುವ ಮೊದಲೇ ಗೊತ್ತಾಗಬೇಕಲ್ಲ? ಮೂರನೆಯ ಉಪಕರಣ ಸೂರ್ಯನ ಪಕ್ಕದ ಆಕಾಶದ ಹೊಳಪನ್ನು ಅಳೆಯಿತು.

ಕೊನೆಗೆ ಉಳಿದದ್ದು ಬಿಗ್ ಬೇರ್, ಲಾ ಪಾಲ್ಮಾ, ಹಲೆಯಕಲಾ. ಸರೋವರದ ಗಾಳಿ ದಿನವಿಡೀ ನಂಬಿಕಸ್ತ. ಆದರೆ ಕರೋನಾ ನೋಡುವ ಆಕಾಶ ಅಲ್ಲಿರಲಿಲ್ಲ. ಹಲೆಯಕಲಾದಲ್ಲಿ ಅತ್ಯುತ್ತಮ ಸೀಯಿಂಗಿನ ಗಂಟೆಗಳೂ ಇದ್ದವು, ಕಡುನೀಲಿ ಆಕಾಶವೂ ಇತ್ತು. 2004ರಲ್ಲಿ ಅದನ್ನೇ ಆರಿಸಿದರು. ಗಮನಿಸಿ, ಬೇರೆ ಗುರಿ ಇಟ್ಟುಕೊಂಡಿದ್ದರೆ ಉತ್ತರವೂ ಬೇರೆಯೇ ಆಗಬಹುದಿತ್ತು. ಏನು ನೋಡಬೇಕು ಅಂತ ತೀರ್ಮಾನಿಸದೆ ಜಾಗ ನೋಡಲು ಹೊರಡುವುದು ಸರಿಯಲ್ಲ ಅಂತ ನಾನು ಯಾವಾಗಲೂ ಹೇಳುವುದು ಇದಕ್ಕೇ.

ಅಂಕಿಗಳನ್ನು ಓದುವಾಗಲೂ ಜಾಗರೂಕತೆ ಬೇಕು. ಸರಾಸರಿ ನೋಡಿ ಸುಮ್ನೆ ತೀರ್ಮಾನ ಮಾಡುವ ಹಾಗಿಲ್ಲ. ಸೂರ್ಯನ ಮೇಲೆ ಒಂದು ಕಲೆ ಹುಟ್ಟಿ ಬೆಳೆಯುವುದನ್ನು, ಒಂದು ಸ್ಫೋಟಕ್ಕೆ ಕಾಂತಕ್ಷೇತ್ರ ಹೇಗೆ ತಯಾರಾಗುತ್ತದೆ ಅನ್ನುವುದನ್ನು ಹಿಡಿಯಲು ಗಂಟೆಗಟ್ಟಲೆ ಬಿಡದೆ ನೋಡಬೇಕು. ಹತ್ತು ನಿಮಿಷ ಚೆನ್ನ, ಹತ್ತು ನಿಮಿಷ ಕೆಟ್ಟದು ಅನ್ನುವ ಜಾಗಕ್ಕೂ ಮೂರು ಗಂಟೆ ಒಂದೇ ಸಮ ಚೆನ್ನಾಗಿರುವ ಜಾಗಕ್ಕೂ ಸರಾಸರಿ ಒಂದೇ ಬರಬಹುದು. ನನ್ನ ಆಯ್ಕೆ ಯಾವಾಗಲೂ ಎರಡನೆಯದು. ಋತುಗಳ ವ್ಯತ್ಯಾಸ ಹಿಡಿಯಲು ಒಂದು ವರ್ಷ ಸಾಲದು, ಕನಿಷ್ಠ ಎರಡಾದರೂ ಅಳೆಯಬೇಕು.

ಇಷ್ಟು ಓದಿದ ಮೇಲೆ ನಿಮಗೆ ಒಂದು ಅನುಮಾನ ಬರಬಹುದು. ಈಗ ಅಡಾಪ್ಟಿವ್ ಆಪ್ಟಿಕ್ಸ್ ಇದೆ, ಆಕಾರ ಬದಲಿಸುವ ಕನ್ನಡಿ ಗಾಳಿಯ ತಪ್ಪನ್ನು ತಾನೇ ತಿದ್ದುತ್ತದೆ, ಜಾಗದ ಬಗ್ಗೆ ಯಾಕಿಷ್ಟು ಚಿಂತೆ ಅಂತ. ತಿದ್ದುತ್ತದೆ ನಿಜ. ಆದರೆ ತಿದ್ದಬೇಕಾದ ತುಣುಕುಗಳ ಸಂಖ್ಯೆ ಕನ್ನಡಿಯ ಅಗಲವನ್ನು ಫ್ರೀಡ್ ಅಂಕಿಯಿಂದ ಭಾಗಿಸಿ ವರ್ಗ ಮಾಡಿದಷ್ಟು. 4 ಮೀಟರ್ ಕನ್ನಡಿ, 10 ಸೆಂ.ಮೀ. ಗಾಳಿ ಅಂದರೆ 1,600 ತುಣುಕು. ಇನೊಯೆ ಟೆಲಿಸ್ಕೋಪಿನಲ್ಲಿ ಆಕಾರ ಬದಲಿಸುವ ಕನ್ನಡಿಯ ಹಿಂದೆ ಇರುವ ತಳ್ಳುಕಡ್ಡಿಗಳೂ 1,600. ಗಾಳಿ 5 ಸೆಂ.ಮೀ.ಗೆ ಕೆಟ್ಟರೆ ಬೇಕಾಗುವುದು 6,400, ಅದೂ ಇನ್ನಷ್ಟು ವೇಗದಲ್ಲಿ. ಇನ್ನೂ ಒಂದು ಕಷ್ಟ ಇದೆ. ರಾತ್ರಿ ಒಂದು ನಕ್ಷತ್ರವನ್ನು ಗುರುತಿಟ್ಟುಕೊಂಡು ತಿದ್ದಬಹುದು. ಸೂರ್ಯನಲ್ಲಿ ಅಂಥ ಚುಕ್ಕಿ ಇಲ್ಲ. ಮೇಲ್ಮೈಯ ಕಾಳುಕಾಳು ರಚನೆಯನ್ನೇ ಗುರುತಾಗಿ ಹಿಡಿಯಬೇಕು. ಗಾಳಿ ತೀರಾ ಕಲಕಿ ಆ ಕಾಳುಗಳೇ ಮಸುಕಾದರೆ ವ್ಯವಸ್ಥೆಗೆ ಹಿಡಿಯಲು ಏನೂ ಸಿಗುವುದಿಲ್ಲ.

ದೊಡ್ಡ ಟೆಲಿಸ್ಕೋಪಿಗೆ ಗಾಳಿ ಬೀಸುವುದೂ ಬೇಕು, ಇದು ಹಲವರಿಗೆ ಹೊಸದು. ಸಣ್ಣ ಸೌರ ಟೆಲಿಸ್ಕೋಪ್‌ಗಳಲ್ಲಿ ಕೊಳವೆಯೊಳಗಿನ ಗಾಳಿಯನ್ನೇ ತೆಗೆದು ನಿರ್ವಾತ ಮಾಡಿ, ಬಾಯಿಗೆ ಗಾಜು ಮುಚ್ಚುತ್ತಿದ್ದರು. 1 ಮೀಟರ್ ದಾಟಿದರೆ ಆ ಗಾಜು ತುಂಬಾ ದಪ್ಪವಾಗಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ದೊಡ್ಡವೆಲ್ಲ ತೆರೆದೇ ಇರಬೇಕು. 4 ಮೀಟರ್ ಕನ್ನಡಿಯ ಮೇಲೆ ಸುಮಾರು 12 ಕಿಲೋವಾಟ್ ಬಿಸಿಲು ಬೀಳುತ್ತದೆ. ಆ ಶಾಖದಿಂದ ಕನ್ನಡಿಯ ಎದುರು ಏಳುವ ಝಳವನ್ನು ಹದವಾದ ಗಾಳಿ ಆಗಾಗ ಗುಡಿಸಿಕೊಂಡು ಹೋಗಬೇಕು. ತೀರಾ ಜೋರಾದರೆ ಕಟ್ಟಡ ನಡುಗುತ್ತದೆ. ಹವಾಯಿಯಲ್ಲಿ ಇದರ ಜೊತೆಗೆ ರಾತ್ರಿ ಮಂಜುಗಡ್ಡೆ ಮಾಡಿಟ್ಟುಕೊಂಡು ಹಗಲು ಅದರಿಂದ ಇಡೀ ವ್ಯವಸ್ಥೆಯನ್ನು ತಣಿಸುತ್ತಾರೆ.

ಸರೋವರ ಮತ್ತು ಎತ್ತರ ಎರಡೂ ಒಂದೇ ಕಡೆ ಸಿಕ್ಕರೆ? ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ಸೌರ ಟೆಲಿಸ್ಕೋಪಿಗಾಗಿ ಲಡಾಖಿನ ಹಾನ್ಲೆ, ಪ್ಯಾಂಗಾಂಗ್ ಸರೋವರದ ದಡದ ಮೆರಾಕ್, ಉತ್ತರಾಖಂಡದ ದೇವಸ್ಥಲ ಈ ಮೂರನ್ನೂ ಪರೀಕ್ಷಿಸಿ ಮೆರಾಕ್ ಆರಿಸಿಕೊಂಡಿದ್ದು ಇದೇ ಆಸೆಯಿಂದ. 4,200 ಮೀಟರಿಗಿಂತ ಎತ್ತರ, ಒಣ ಗಾಳಿ, ಪಕ್ಕದಲ್ಲೇ ದೊಡ್ಡ ನೀರು. ಒಣ ಗಾಳಿ ಇನ್ಫ್ರಾರೆಡ್ ಬೆಳಕಿಗೆ ಬಹಳ ಮುಖ್ಯ, ಏಕೆಂದರೆ ಅದನ್ನು ನೀರಾವಿ ನುಂಗಿಬಿಡುತ್ತದೆ. ರೇಖಾಂಶದ ಲಾಭವೂ ಇದೆ. ಹವಾಯಿಯಲ್ಲಿ ಸಂಜೆಯಾದ ಮೇಲೆ, ಕೆನರಿಯಲ್ಲಿ ಬೆಳಗಾಗುವ ಮೊದಲು ಸೂರ್ಯ ಕಾಣುವುದು ಏಷ್ಯಾದ ಕಡೆ. ಸೂರ್ಯನ ಕಂಪನ ಅಳೆಯುವ ಗಾಂಗ್ ಎಂಬ ಜಾಲ 1995ರಿಂದ ಹೀಗೆ ಸೂರ್ಯನನ್ನು ಬಿಡದೆ ನೋಡಲೆಂದೇ ಆರು ಕಡೆ ಸಣ್ಣ ಉಪಕರಣ ಇಟ್ಟಿದೆ, ಅದರಲ್ಲಿ ಉದಯಪುರವೂ ಒಂದು.

ಇನ್ನೊಂದು ವಿಷಯ ಯಾವ ಉಪಕರಣವೂ ಅಳೆಯುವುದಿಲ್ಲ. ಹಲೆಯಕಲಾ ಅಂದರೆ ಸೂರ್ಯನ ಮನೆ ಅಂತ ಅರ್ಥ. ಹವಾಯಿಯ ಮೂಲನಿವಾಸಿಗಳಿಗೆ ಅದು ಪವಿತ್ರ ಶಿಖರ. ಅಪಾಯದಲ್ಲಿರುವ ಒಂದು ಕಡಲಹಕ್ಕಿ ಅಲ್ಲೇ ಬಿಲ ತೋಡಿ ಮರಿ ಮಾಡುತ್ತದೆ. ಜಾಗ 2004ರಲ್ಲಿ ಗೊತ್ತಾದರೂ ಕಟ್ಟಡದ ಕೆಲಸ ಶುರುವಾಗಿದ್ದು 2012ರ ಕೊನೆಗೆ. 2015ರಲ್ಲಿ, 2017ರಲ್ಲಿ ಜನ ರಸ್ತೆಗೆ ಅಡ್ಡ ನಿಂತರು. ಮೊದಲ ಚಿತ್ರಗಳು ಹೊರಬಂದಿದ್ದು 2020ರ ಜನವರಿಯಲ್ಲಿ. ಪರೀಕ್ಷೆಯ ಕಂಬ ನೆಡುವ ಮೊದಲೇ ಆ ಬೆಟ್ಟದ ಜನರ ಜೊತೆ ಕೂತು ಮಾತಾಡಬೇಕು, ಅವರು ಬೇಡ ಅಂದರೆ ಅದನ್ನೂ ಕೇಳಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಶಾಂತ ಗಾಳಿಯ ಶಿಖರಗಳು ಎಷ್ಟೋ ಕಡೆ ಯಾರದೋ ದೇವರ ನೆಲೆಯೂ ಆಗಿರುತ್ತವೆ.

ಉಪಗ್ರಹದ ಮಾತಿಗೆ ಬರುತ್ತೇನೆ. ಗಾಳಿಯೇ ಇಲ್ಲದ ಕಡೆ ಕಲಕೂ ಇಲ್ಲ, ಸರಿ. 2006ರಲ್ಲಿ ಹೋದ ಜಪಾನಿನ ಹಿನೋಡೆ ಹೀಗೆ ಸೊಗಸಾದ ಕೆಲಸ ಮಾಡಿತು. ಅದರ ಕನ್ನಡಿ 50 ಸೆಂ.ಮೀ. 2023ರ ಸೆಪ್ಟೆಂಬರಿನಲ್ಲಿ ಹೊರಟ ನಮ್ಮ ಆದಿತ್ಯ-ಎಲ್1 ನೆಲಕ್ಕೆ ತಲುಪದ ಅಲ್ಟ್ರಾವಯಲೆಟ್ ಮತ್ತು ಎಕ್ಸ್-ರೇ ಬೆಳಕನ್ನೂ ನೋಡುತ್ತದೆ. ಆ ಬೆಳಕಿಗೆ ಬಾಹ್ಯಾಕಾಶ ಬಿಟ್ಟರೆ ಗತಿಯಿಲ್ಲ. ಆದರೆ 4 ಮೀಟರ್ ಕನ್ನಡಿಯನ್ನೂ ಅದನ್ನು ತಣಿಸುವ ಯಂತ್ರಗಳನ್ನೂ ಮೇಲೆ ಕಳಿಸುವುದು ಬೇರೆಯೇ ಮಟ್ಟದ ಕೆಲಸ, ಮತ್ತು ಕಳಿಸಿದ ಮೇಲೆ ಉಪಕರಣ ಬದಲಿಸುವಂತಿಲ್ಲ. ಮಧ್ಯದ ದಾರಿಯೂ ಒಂದಿದೆ. ಸನ್‌ರೈಸ್ ಎಂಬ 1 ಮೀಟರ್ ಟೆಲಿಸ್ಕೋಪನ್ನು ಬಲೂನಿಗೆ ಕಟ್ಟಿ 2009, 2013 ಮತ್ತು 2024ರಲ್ಲಿ ಸ್ವೀಡನ್‌ನಿಂದ ಹಾರಿಸಿದರು. ಬೇಸಿಗೆಯಲ್ಲಿ ಆ ಉತ್ತರ ತುದಿಯಲ್ಲಿ ಸೂರ್ಯ ಮುಳುಗುವುದಿಲ್ಲ, ಗಾಳಿಯ ಬಹುಪಾಲು ಕೆಳಗೇ ಉಳಿಯುತ್ತದೆ. ಆದರೆ ಒಂದು ಹಾರಾಟದಲ್ಲಿ ಸಿಗುವುದು ಕೆಲವೇ ದಿನ. ಬೆಟ್ಟದ ಮೇಲೆ ಹೇಲ್ ಕಟ್ಟಿಸಿದ ಗೋಪುರಗಳು ನೂರು ವರ್ಷ ದಾಟಿದ ಮೇಲೂ ಅಲ್ಲೇ ನಿಂತಿವೆ.